ಸೀಟು ಹೆಚ್ಚಿಸಿದರೆ ದಾದಿಯರು ಹೆಚ್ಚುವರೇ?

2020ರ ಮಾರ್ಚ್ 22ರಂದು ಸಂಜೆ ಐದು ಗಂಟೆಗೆ ಈ ದೇಶ ಚಪ್ಪಾಳೆ ತಟ್ಟಿತು. ತಟ್ಟೆ ಬಡಿಯಿತು, ಗಂಟೆ ಬಾರಿಸಿತು. ಮೇ 3ರಂದು ಸೇನಾ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದುವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಕೋವಿಡ್‌ನ ಅಬ್ಬರ ಇನ್ನೂ ಇಳಿಯದಿದ್ದಾಗ, ಕರ್ನಾಟಕದ ಗುತ್ತಿಗೆ ಆರೋಗ್ಯ ನೌಕರರು ಕೆಲಸ ಸ್ಥಗಿತಗೊಳಿಸಿ ಮುಷ್ಕರಕ್ಕಿಳಿದರು. ಅವರಲ್ಲಿ ದಾದಿಯರೂ ಇದ್ದರು. ಸಮಾನ ಕೆಲಸಕ್ಕೆ ಸಮಾನ ವೇತನ ಮತ್ತು ಸೇವಾ ಭದ್ರತೆ ಕೊಡಿ ಎಂಬುದು ಅವರ ಬೇಡಿಕೆಯಾಗಿತ್ತು. ಅದೇ ತಿಂಗಳು ಸಂಸತ್ತಿನಲ್ಲಿ ಒಂದು ಪ್ರಶ್ನೆ ಎದ್ದಿತು: ಕೋವಿಡ್‌ಗೆ ಬಲಿಯಾದ ಆರೋಗ್ಯ ಸಿಬ್ಬಂದಿಯ ಸಂಖ್ಯೆ ಎಷ್ಟು? ಆರೋಗ್ಯವು ರಾಜ್ಯಗಳಿಗೆ ಸೇರಿದ ವಿಷಯ, ಅಂತಹ ಅಂಕಿ-ಅಂಶಗಳನ್ನು ಕೇಂದ್ರ ಮಟ್ಟದಲ್ಲಿ ಇಟ್ಟುಕೊಂಡಿಲ್ಲ ಎಂದು ಸರಕಾರ ಉತ್ತರಿಸಿತು. ಹೂ ಸುರಿಸಲು ಕೇಂದ್ರಕ್ಕೆ ಅಡ್ಡಿಯಾಗದ ರಾಜ್ಯಪಟ್ಟಿ, ಸತ್ತವರನ್ನು ಎಣಿಸಲು ಮಾತ್ರ ಅಡ್ಡಿಯಾಯಿತು!

ಆ ವರ್ಷಕ್ಕೆ ಇನ್ನೊಂದು ವಿಶೇಷವೂ ಇತ್ತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ 200 ವರ್ಷ ತುಂಬಿದ ನೆನಪಿಗೆ ವಿಶ್ವ ಆರೋಗ್ಯ ಸಂಸ್ಥೆಯು 2020ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿತ್ತು. ನಮ್ಮಲ್ಲಿ ಗೌರವದ ಮಾತುಗಳಿಗೆ ಎಂದೂ ಬರ ಬಂದಿಲ್ಲ. ದಾದಿಯನ್ನು ನಾವು ತಾಯಿ ಎನ್ನುತ್ತೇವೆ, ದೇವತೆ ಎನ್ನುತ್ತೇವೆ. ಪ್ರತಿ ಮೇ 12ರಂದು ಮೊಂಬತ್ತಿ ಬೆಳಗಿಸಿ ಶಾಲು ಹೊದಿಸುತ್ತೇವೆ. ಸರಕಾರಿ ಆಸ್ಪತ್ರೆಗಳಲ್ಲಿ 'ಸ್ಟಾಫ್ ನರ್ಸ್' ಎಂಬ ಪದನಾಮವನ್ನು 'ಶುಶ್ರೂಷಣಾಧಿಕಾರಿ' ಎಂದು ಬದಲಿಸಿದ್ದೂ ಆಯಿತು. ಆದರೆ ಹುದ್ದೆ ಮಂಜೂರು ಮಾಡುವ ಕಡತ ಹಣಕಾಸು ಇಲಾಖೆಯ ಮೇಜಿಗೆ ಬಂದಾಗ ಅದೇ ದೇವತೆ 'ವೆಚ್ಚ'ವಾಗುತ್ತಾಳೆ. ಆಗ ಹನ್ನೊಂದು ತಿಂಗಳ ಗುತ್ತಿಗೆ ಸಾಕು ಎಂಬ ಟಿಪ್ಪಣಿ ಬೀಳುತ್ತದೆ. ಮಾತಿಗೂ ಕಡತಕ್ಕೂ ನಡುವಿನ ಈ ಅಂತರವೇ ನಮ್ಮ ಆರೋಗ್ಯ ವ್ಯವಸ್ಥೆಯ ನಿಜವಾದ ರೋಗ.

ದಾದಿಯರ ಕೊರತೆಯಿದೆ ಎಂಬುದನ್ನು ಯಾವ ಸರಕಾರವೂ ನಿರಾಕರಿಸುವುದಿಲ್ಲ. ಆದರೆ ಅದಕ್ಕೆ ನೀಡಲಾಗುವ ಪರಿಹಾರ ಮಾತ್ರ ಸದಾ ಒಂದೇ: ಇನ್ನಷ್ಟು ಕಾಲೇಜು, ಇನ್ನಷ್ಟು ಸೀಟು. 2023ರ ಎಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟವು 1,570 ಕೋಟಿ ರೂಪಾಯಿ ವೆಚ್ಚದಲ್ಲಿ 157 ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ನೀಡಿತು. 2014ರ ಬಳಿಕ ಸ್ಥಾಪನೆಯಾದ ಸರಕಾರಿ ವೈದ್ಯಕೀಯ ಕಾಲೇಜುಗಳ ಜೊತೆಯಲ್ಲೇ ಇವು ತಲೆಯೆತ್ತಬೇಕು ಮತ್ತು ವರ್ಷಕ್ಕೆ ಸುಮಾರು 15,700 ಪದವೀಧರರು ಹೊರಬರಬೇಕು ಎಂಬುದು ಯೋಜನೆ. ಇದನ್ನು ನಾವು ವಿರೋಧಿಸುವುದಿಲ್ಲ. ಈಶಾನ್ಯ ರಾಜ್ಯಗಳಿಗೆ, ಬಿಹಾರಕ್ಕೆ, ಉತ್ತರ ಪ್ರದೇಶಕ್ಕೆ ಕಾಲೇಜುಗಳು ಬೇಕೇ ಬೇಕು. ದೇಶದ ನರ್ಸಿಂಗ್ ಸಂಸ್ಥೆಗಳಲ್ಲಿ ನೂರಕ್ಕೆ ನಲ್ವತ್ತಕ್ಕೂ ಹೆಚ್ಚು ಪಾಲು ದಕ್ಷಿಣದ ಐದು ರಾಜ್ಯಗಳಲ್ಲೇ ಇದೆಯೆಂಬುದು ಸರಕಾರವೇ ಒಪ್ಪಿಕೊಂಡ ಸಂಗತಿ. ಆದರೆ ಕಾಲೇಜು ಕಟ್ಟಿದ ಕೂಡಲೇ ಆಸ್ಪತ್ರೆಯ ವಾರ್ಡಿನಲ್ಲಿ ದಾದಿಯರು ತುಂಬುತ್ತಾರೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಬಿಹಾರಕ್ಕೆ ಹೋಗಬೇಕಿಲ್ಲ. ಕರ್ನಾಟಕವನ್ನು ನೋಡಿದರೆ ಸಾಕು.

ಕಾಲೇಜುಗಳ ಸಂಖ್ಯೆಯೇ ದಾದಿಯರನ್ನು ಸೃಷ್ಟಿಸುವುದಾಗಿದ್ದರೆ ನಮ್ಮ ರಾಜ್ಯದಲ್ಲಿ ಅವರ ಕೊರತೆ ಇರಲೇಬಾರದಿತ್ತು. 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನೂರಾರು ನರ್ಸಿಂಗ್ ಕಾಲೇಜುಗಳಿವೆ. ಕೇರಳದಿಂದ, ಪಶ್ಚಿಮ ಬಂಗಾಳದಿಂದ, ಮಣಿಪುರದಿಂದ ಮಕ್ಕಳು ಇಲ್ಲಿಗೆ ಬಂದು ಕಲಿಯುತ್ತಾರೆ. ಬೆಂಗಳೂರು, ಮಂಗಳೂರಿನ ಕೆಲವು ಬಡಾವಣೆಗಳ ಬಾಡಿಗೆ ಕೋಣೆಗಳು, ಮೆಸ್ಸುಗಳು ಈ ವಿದ್ಯಾರ್ಥಿಗಳನ್ನೇ ನಂಬಿ ನಡೆಯುತ್ತವೆ. ಆದರೆ ಇದೇ ರಾಜ್ಯದ ತಾಲೂಕು ಆಸ್ಪತ್ರೆಯೊಂದಕ್ಕೆ ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿ. ಒಂದಿಡೀ ವಾರ್ಡಿಗೆ ಒಬ್ಬಳೇ ದಾದಿ. ಒಂದು ಮೂಲೆಯಲ್ಲಿ ಡ್ರಿಪ್ ಮುಗಿಯುತ್ತಿರುತ್ತದೆ, ಇನ್ನೊಂದು ಮೂಲೆಯಲ್ಲಿ ಹೆರಿಗೆಯಾದ ಹೆಣ್ಣು ಮಗಳು ರಕ್ತಸ್ರಾವವೆಂದು ಕೂಗುತ್ತಿರುತ್ತಾಳೆ. ರೋಗಿಗೆ ಸಮಯಕ್ಕೆ ಸರಿಯಾಗಿ ಔಷಧಿ ಕೊಡುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ನಿರ್ಗತಿಕ ರೋಗಿಗೆ ನೀರು ಕುಡಿಸುವುದು - ಇವುಗಳಲ್ಲಿ ಬಹುಪಾಲು ಕೆಲಸ ರೋಗಿಯ ಹೆಂಡತಿಯ, ಮಗಳ ಅಥವಾ ತಾಯಿಯ ಪಾಲಿಗೆ ಬಂದಿರುತ್ತದೆ. ಮನೆಯವರೇ ದಾದಿಯರಾಗಿರುವ ವ್ಯವಸ್ಥೆಗೆ ನಾವು ಎಷ್ಟು ಒಗ್ಗಿ ಹೋಗಿದ್ದೇವೆಂದರೆ, ಅದೊಂದು ಕೊರತೆಯೆಂದು ನಮಗನಿಸುವುದೇ ಇಲ್ಲ.

1946ರಲ್ಲಿ ಭೋರ್ ಸಮಿತಿಯು ತನ್ನ ವರದಿಯನ್ನು ಸಲ್ಲಿಸಿದಾಗ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 43,000 ಮಂದಿಗೆ ಒಬ್ಬ ದಾದಿ ಇದ್ದರು. ಅಲ್ಲಿಂದ ನಾವು ಬಹುದೂರ ಬಂದಿದ್ದೇವೆ ಎಂಬುದು ನಿಜ. ಕೇಂದ್ರ ಸರಕಾರವು ಸಂಸತ್ತಿಗೆ ನೀಡಿದ್ದ ಲೆಕ್ಕದಂತೆ ನೋಂದಾಯಿತ ನರ್ಸಿಂಗ್ ಸಿಬ್ಬಂದಿಯ ಸಂಖ್ಯೆ 33.41 ಲಕ್ಷ. ಅಂದರೆ ಸಾವಿರ ಜನರಿಗೆ 1.96 ಮಂದಿ. ಸಾವಿರಕ್ಕೆ ಮೂವರು ಬೇಕು ಎಂಬುದು ಸಾಮಾನ್ಯವಾಗಿ ಉಲ್ಲೇಖಿಸಲಾಗುವ ಮಾನದಂಡ. ಆದರೆ ಈ 33 ಲಕ್ಷದಲ್ಲಿ ನಿವೃತ್ತರೆಷ್ಟು, ವಿದೇಶಕ್ಕೆ ಹೋದವರೆಷ್ಟು, ಮದುವೆಯ ಬಳಿಕ ಕೆಲಸ ಬಿಟ್ಟವರೆಷ್ಟು, ನಿಧನರಾದವರೆಷ್ಟು? ನೋಂದಣಿ ಪುಸ್ತಕಕ್ಕೆ ಒಮ್ಮೆ ಸೇರಿದ ಹೆಸರು ಹಾಗೆಯೇ ಉಳಿಯುತ್ತಾ ಬಂದಿರುವುದರಿಂದ ಅದು ಈ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವು ರಾಷ್ಟ್ರೀಯ ಮಾದರಿ ಸಮೀಕ್ಷೆಯ ದತ್ತಾಂಶವನ್ನು ಮುಂದಿಟ್ಟು ಲೆಕ್ಕ ಹಾಕಿತು. ಕಾಗದದ ಮೇಲೆ ಹತ್ತು ಸಾವಿರ ಜನರಿಗೆ ಸುಮಾರು 17 ದಾದಿ-ಸೂಲಗಿತ್ತಿಯರಿದ್ದರೆ, ವಾಸ್ತವದಲ್ಲಿ ಕೆಲಸದಲ್ಲಿರುವವರು ಹತ್ತು-ಹನ್ನೊಂದು ಮಂದಿ. ಅವರಲ್ಲೂ ತಕ್ಕ ವಿದ್ಯಾರ್ಹತೆಯುಳ್ಳವರು ಆರು ಮಂದಿ ಮಾತ್ರ. ಹಾಗಾದರೆ ಕಲಿತವರೆಲ್ಲ ಎಲ್ಲಿ ಹೋದರು?

ಅವರ ಮುಂದೆ ಇರುವ ದಾರಿಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಒಂದು ದಾರಿ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಇನ್ನೊಂದು ಖಾಸಗಿ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿನ ಸಂಬಳದಲ್ಲಿ ಶಿಕ್ಷಣ ಸಾಲದ ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಅಲ್ಪ. ಮೂರನೆಯದು ಸರಕಾರಿ ಆಸ್ಪತ್ರೆ. ಅಲ್ಲಿ ಖಾಯಂ ಹುದ್ದೆಯ ಅಧಿಸೂಚನೆ ವರ್ಷಗಟ್ಟಲೆ ಬರುವುದಿಲ್ಲ, ಬರುವುದೇನಿದ್ದರೂ ಗುತ್ತಿಗೆ. ನಾಲ್ಕನೆಯದು ಮನೆಗೆ ಮರಳುವ ದಾರಿ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಕಲಿತು, ಒಂದೆರಡು ವರ್ಷ ದುಡಿದು, ಈ ಸಂಬಳಕ್ಕಿಂತ ಮನೆಯಲ್ಲಿರುವುದೇ ಲೇಸು ಎಂದು ಸಮವಸ್ತ್ರ ಮಡಚಿಟ್ಟವರು ಪ್ರತಿ ಪಟ್ಟಣದಲ್ಲೂ ಇದ್ದಾರೆ. ನಮ್ಮಲ್ಲಿ ಕಲಿತ ದಾದಿಯರು ಇದ್ದಾರೆ. ಅವರನ್ನು ಇಟ್ಟುಕೊಳ್ಳುವ ಹುದ್ದೆಯೂ ಸಂಬಳವೂ ಇಲ್ಲ. ತೂತು ಬಿದ್ದ ಕೊಡಕ್ಕೆ ನೀರು ತುಂಬಲು ಇನ್ನೊಂದು ಬಾವಿ ತೋಡುವುದನ್ನು ನೀತಿಯೆಂದು ಕರೆಯಬಹುದೇ?

ವೇತನದ ವಿಷಯ ಹೊಸತಲ್ಲ. 2011-12ರಲ್ಲಿ ಮುಂಬೈ, ದೆಹಲಿ ಮತ್ತು ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರು ಬೀದಿಗಿಳಿದಾಗಲೇ ದೇಶಕ್ಕೆ ಬಾಂಡ್ ಎಂಬ ಪದದ ಅರ್ಥ ತಿಳಿದದ್ದು. ಕೆಲಸಕ್ಕೆ ಸೇರುವಾಗ ಮೂಲ ಪ್ರಮಾಣಪತ್ರಗಳನ್ನು ಆಸ್ಪತ್ರೆಯವರು ತೆಗೆದಿಟ್ಟುಕೊಳ್ಳುವುದು, ನಡುವೆ ಬಿಟ್ಟು ಹೋಗುವುದಾದರೆ ಹಣ ಕಟ್ಟಬೇಕೆನ್ನುವುದು - ಇದು ಉದ್ಯೋಗವೇ ಅಥವಾ ಜೀತವೇ? ಪ್ರಕರಣ ಸುಪ್ರೀಮ್ ಕೋರ್ಟಿಗೆ ಹೋಯಿತು. 2016ರ ಜನವರಿಯಲ್ಲಿ ನ್ಯಾಯಾಲಯವು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಆ ಸಮಿತಿಯ ಶಿಫಾರಸು ಸ್ಪಷ್ಟವಾಗಿತ್ತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ದಾದಿಯ ವೇತನ ಸರಕಾರಿ ದಾದಿಯ ವೇತನಕ್ಕೆ ಸಮನಾಗಿರಬೇಕು. 100ರಿಂದ 200 ಹಾಸಿಗೆಗಳಿದ್ದರೆ ಅದಕ್ಕಿಂತ ಶೇ. 10ಕ್ಕೂ, 50ರಿಂದ 100 ಇದ್ದರೆ ಶೇ. 25ಕ್ಕೂ ಮೀರಿ ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ 20 ಸಾವಿರ ರೂಪಾಯಿಗಿಂತ ಕೆಳಗಿಳಿಯಬಾರದು.

ಆದರೆ ಶಿಫಾರಸು ಕಾಯ್ದೆಯಲ್ಲ. ಅದಕ್ಕೆ ಜೀವ ಕೊಡುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಕೇರಳದಲ್ಲಿ ದಾದಿಯರು 2017ರಲ್ಲಿ ಮತ್ತೆ ಮುಷ್ಕರ ಹೂಡಿದರು. ಅಲ್ಲಿನ ಸರಕಾರ 2018ರ ಎಪ್ರಿಲ್‌ನಲ್ಲಿ 20 ಸಾವಿರ ರೂಪಾಯಿಯನ್ನು ಕನಿಷ್ಠ ಮೂಲ ವೇತನವಾಗಿ ನಿಗದಿಪಡಿಸಿ ಅಧಿಸೂಚನೆ ಹೊರಡಿಸಿತು. ಖಾಸಗಿ ಆಸ್ಪತ್ರೆಗಳು ತಕರಾರು ತೆಗೆದುವು. ಸಣ್ಣ ನರ್ಸಿಂಗ್ ಹೋಮ್‌ಗಳು ಮುಚ್ಚಿ ಹೋಗುತ್ತವೆ ಎಂಬ ವಾದವನ್ನು ನಮ್ಮ ರಾಜ್ಯದಲ್ಲೂ ಕೇಳುತ್ತೇವೆ. ಇದನ್ನು ಸುಳ್ಳೆಂದು ತಳ್ಳಿ ಹಾಕುವುದು ಸರಿಯಲ್ಲ. ಸಣ್ಣ ಪಟ್ಟಣದ ಇಪ್ಪತ್ತು ಹಾಸಿಗೆಯ ಆಸ್ಪತ್ರೆಗೂ ಬೆಂಗಳೂರಿನ ಐನೂರು ಹಾಸಿಗೆಯ ಆಸ್ಪತ್ರೆಗೂ ವ್ಯತ್ಯಾಸವಿದೆ. ಆ ಕಾರಣಕ್ಕಾಗಿಯೇ ಸಮಿತಿಯು ಹಾಸಿಗೆಗಳ ಲೆಕ್ಕದಲ್ಲಿ ಹಂತಗಳನ್ನು ಮಾಡಿತ್ತು. ಜೊತೆಗೆ ಸರಕಾರದ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡ ರೋಗಿಗಳ ಚಿಕಿತ್ಸೆಗಾಗಿ ಸಾರ್ವಜನಿಕರ ತೆರಿಗೆಯ ಹಣ ಖಾಸಗಿ ಆಸ್ಪತ್ರೆಗಳಿಗೂ ಹೋಗುತ್ತದೆ. ಆ ಹಣ ಪಡೆಯುವ ಆಸ್ಪತ್ರೆ ತನ್ನ ದಾದಿಯರಿಗೆ ಇಷ್ಟು ವೇತನ ಕೊಡಬೇಕು, ಇಷ್ಟು ರೋಗಿಗಳಿಗೆ ಇಷ್ಟು ದಾದಿಯರನ್ನು ಇಡಬೇಕು ಎಂಬ ಷರತ್ತನ್ನು ಸರಕಾರ ಯಾಕೆ ವಿಧಿಸಬಾರದು? ಷರತ್ತಿಗೆ ತಕ್ಕಂತೆ ಚಿಕಿತ್ಸಾ ದರವನ್ನೂ ಪರಿಷ್ಕರಿಸಲಿ.

ಇಷ್ಟು ರೋಗಿಗಳಿಗೆ ಇಷ್ಟು ದಾದಿಯರು ಎಂಬುದು ಕೇವಲ ನೌಕರರ ಅನುಕೂಲದ ಮಾತಲ್ಲ. ರೋಗಿ ಬದುಕುತ್ತಾನೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿದೆ. 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಲಿಂಡಾ ಐಕನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿಗಳು ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚುತ್ತದೆಂದು ಅದು ಕಂಡುಕೊಂಡಿತು. 2014ರಲ್ಲಿ ಯುರೋಪಿನ ಒಂಬತ್ತು ರಾಷ್ಟ್ರಗಳ ಅಧ್ಯಯನವೂ ಅದನ್ನೇ ಹೇಳಿತು. ಕಾರಣ ಸರಳ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಹೋಗುತ್ತಾರೆ. ನಸುಕಿನ ಮೂರು ಗಂಟೆಗೆ ರೋಗಿಯ ಉಸಿರಾಟ ಬದಲಾದುದನ್ನು, ರಕ್ತದೊತ್ತಡ ಕುಸಿಯತೊಡಗಿದ್ದನ್ನು ಗಮನಿಸಿ ವೈದ್ಯರನ್ನು ಎಬ್ಬಿಸುವವಳು ದಾದಿ. ಹತ್ತು ರೋಗಿಗಳನ್ನು ನೋಡುವವಳಿಗೆ ಗಮನಕ್ಕೆ ಬರುವುದು, ನಲ್ವತ್ತು ರೋಗಿಗಳ ನಡುವೆ ಓಡುವವಳಿಗೆ ಬರುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 1999ರಲ್ಲೇ ಈ ಬಗ್ಗೆ ಕಾಯ್ದೆ ಮಾಡಿ 2004ರಿಂದ ಜಾರಿಗೊಳಿಸಿತು. ಅಲ್ಲಿ ತೀವ್ರ ನಿಗಾ ಘಟಕದಲ್ಲಿ ಇಬ್ಬರು ರೋಗಿಗಳಿಗೆ, ಸಾಮಾನ್ಯ ವಾರ್ಡಿನಲ್ಲಿ ಐವರು ರೋಗಿಗಳಿಗೆ ಒಬ್ಬ ದಾದಿ ಇರಲೇಬೇಕು. ನಮ್ಮಲ್ಲೂ ಲೆಕ್ಕವಿದೆ. ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬ ದಾದಿ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಅದನ್ನು ಮೀರಿದರೆ ಶಿಕ್ಷೆಯಿಲ್ಲ. ಆದ್ದರಿಂದ ಮೀರುವುದೇ ನಿಯಮವಾಗಿದೆ.

ಗುತ್ತಿಗೆಯ ಕ್ರೌರ್ಯ ಏನೆಂದು ತಿಳಿಯಬೇಕಾದರೆ ಲಿನಿ ಪುದುಶ್ಶೇರಿಯನ್ನು ಸ್ಮರಿಸಬೇಕು. ಕೋಝಿಕ್ಕೋಡ್ ಜಿಲ್ಲೆಯ ಪೆರಾಂಬ್ರ ತಾಲೂಕು ಆಸ್ಪತ್ರೆಯಲ್ಲಿ ನಿಪಾ ಪೀಡಿತರ ಶುಶ್ರೂಷೆ ಮಾಡಿ, ಅದೇ ರೋಗಕ್ಕೆ ತುತ್ತಾಗಿ 2018ರ ಮೇ 21ರಂದು ಆಕೆ ನಿಧನರಾದರು. ಇಬ್ಬರು ಪುಟ್ಟ ಮಕ್ಕಳ ತಾಯಿ. ಇಡೀ ದೇಶ ಆಕೆಯನ್ನು ಹುತಾತ್ಮೆಯೆಂದು ಕೊಂಡಾಡಿತು. ಆದರೆ ಆ ಹುತಾತ್ಮೆ ಆ ಆಸ್ಪತ್ರೆಯ ಖಾಯಂ ನೌಕರಳಾಗಿರಲಿಲ್ಲ. ಕೇರಳ ಸರಕಾರವು ಆಕೆಯ ಪತಿಗೆ ಸರಕಾರಿ ಉದ್ಯೋಗವನ್ನೂ ಮಕ್ಕಳಿಗೆ ಪರಿಹಾರವನ್ನೂ ನೀಡಿತು. ಒಳ್ಳೆಯದೇ. ಆದರೆ ಬದುಕಿದ್ದಾಗ ಆಕೆಗೆ ಸಿಗದ ಭದ್ರತೆ ಸತ್ತ ಬಳಿಕ ಕುಟುಂಬಕ್ಕೆ ಸಿಗಬೇಕಾಗಿ ಬಂದುದೇ ವ್ಯವಸ್ಥೆಯ ಮೇಲಿನ ದೊಡ್ಡ ಆರೋಪ. ಖಾಯಂ ಹುದ್ದೆಯವರ ಜೊತೆಗೇ ನಿಂತು, ಅದೇ ರೋಗಿಗೆ ಅದೇ ಚುಚ್ಚುಮದ್ದು ಕೊಡುವ ಗುತ್ತಿಗೆ ದಾದಿಗೆ ಕಡಿಮೆ ಸಂಬಳ ಮತ್ತು ಮುಂದಿನ ವರ್ಷದ ಬಗ್ಗೆ ಭಯವನ್ನು ಸರಕಾರವೇ ಕೊಡುತ್ತಿರುವಾಗ, ಖಾಸಗಿಯವರಿಗೆ ನ್ಯಾಯ ಬೋಧಿಸುವ ನೈತಿಕತೆ ಅದಕ್ಕೆ ಎಲ್ಲಿಂದ ಬರಬೇಕು?

ಅಷ್ಟಕ್ಕೂ ಇಂತಹ ತೀರ್ಮಾನಗಳನ್ನು ತೆಗೆದುಕೊಳ್ಳುವವರು ಯಾರು? ಆರೋಗ್ಯ ಇಲಾಖೆಯ ಉನ್ನತ ಸಭೆಗಳಲ್ಲಿ ಐಎಎಸ್ ಅಧಿಕಾರಿಗಳಿರುತ್ತಾರೆ, ವೈದ್ಯರಿರುತ್ತಾರೆ, ಎಂಜಿನಿಯರುಗಳಿರುತ್ತಾರೆ. ಆಸ್ಪತ್ರೆಯ ಸಿಬ್ಬಂದಿಯಲ್ಲಿ ಅತಿ ದೊಡ್ಡ ಗುಂಪಾಗಿರುವ ದಾದಿಯರ ಪ್ರತಿನಿಧಿ ಆ ಮೇಜಿನಲ್ಲಿ ತೀರಾ ವಿರಳ. ಮೂವತ್ತು ವರ್ಷ ಸೇವೆ ಸಲ್ಲಿಸಿದ ದಾದಿ ಹೆಚ್ಚೆಂದರೆ ನರ್ಸಿಂಗ್ ಅಧೀಕ್ಷಕಿಯಾಗಿ ನಿವೃತ್ತಳಾಗುತ್ತಾಳೆ. ಸರಕಾರದ ಮಟ್ಟದಲ್ಲಿ ಮುಖ್ಯ ನರ್ಸಿಂಗ್ ಅಧಿಕಾರಿಯೊಬ್ಬರು ಇರಬೇಕು, ಅವರಿಗೆ ಅಧಿಕಾರವೂ ಆಯವ್ಯಯವೂ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಮತ್ತೆ ಹೇಳುತ್ತಿದೆ. ಸ್ವತಂತ್ರ ನರ್ಸಿಂಗ್ ನಿರ್ದೇಶನಾಲಯ, ಅದರ ಮುಖ್ಯಸ್ಥರಾಗಿ ಒಬ್ಬ ದಾದಿ - ಇದು ಅತಿಯಾದ ಬೇಡಿಕೆಯೇ?

ದಾದಿಯರಿಗೆ ಜವಾಬ್ದಾರಿ ಹೊರುವ ಸಾಮರ್ಥ್ಯವಿದೆಯೇ ಎಂಬ ಸಂದೇಹವುಳ್ಳವರು ನಮ್ಮ ಹಳ್ಳಿಗಳ ಆರೋಗ್ಯ ಉಪಕೇಂದ್ರಗಳನ್ನು ನೋಡಬೇಕು. 2018ರಿಂದ ಅವು ಆರೋಗ್ಯ ಕ್ಷೇಮ ಕೇಂದ್ರಗಳಾಗಿ, ಆ ಬಳಿಕ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ ಹೆಸರು ಬದಲಿಸಿಕೊಂಡಿವೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಮಧುಮೇಹ, ರಕ್ತದೊತ್ತಡದ ರೋಗಿಗಳನ್ನು ಪತ್ತೆ ಹಚ್ಚಿ ಔಷಧಿ ಮುಂದುವರಿಸುತ್ತಿರುವವರಲ್ಲಿ ಬಹುಪಾಲು ನರ್ಸಿಂಗ್ ಕಲಿತವರೇ. ವೈದ್ಯರು ಹೋಗಲೊಪ್ಪದ ಊರುಗಳಲ್ಲಿ ಅವರಿದ್ದಾರೆ. ದುರಂತ ಏನೆಂದರೆ, ಅವರಲ್ಲೂ ಹೆಚ್ಚಿನವರು ಗುತ್ತಿಗೆಯವರು.

2023ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಸ್ಥಾನದಲ್ಲಿ ಹೊಸ ಆಯೋಗ, ಶಿಕ್ಷಣಕ್ಕೆ, ಮೌಲ್ಯಮಾಪನಕ್ಕೆ ಮತ್ತು ನೋಂದಣಿಗೆ ಪ್ರತ್ಯೇಕ ಮಂಡಳಿಗಳು, ಒಂದು ವರ್ಷದೊಳಗೆ ಪ್ರತಿ ರಾಜ್ಯದಲ್ಲೂ ರಾಜ್ಯ ಆಯೋಗ, ಕಾಲಕಾಲಕ್ಕೆ ಪರಿಷ್ಕರಿಸಲಾಗುವ ರಾಷ್ಟ್ರೀಯ ನೋಂದಣಿ ಪುಸ್ತಕ - ಇವೆಲ್ಲ ಅದರಲ್ಲಿವೆ. ಸ್ವಾಗತಾರ್ಹವೇ. ಆದರೆ ಅದು ಶಿಕ್ಷಣ ಮತ್ತು ವೃತ್ತಿಯ ಗುಣಮಟ್ಟವನ್ನು ನಿಯಂತ್ರಿಸುವ ಕಾಯ್ದೆ. ವೇತನವನ್ನಾಗಲಿ ಹುದ್ದೆಯನ್ನಾಗಲಿ ಅದು ಕೊಡುವುದಿಲ್ಲ. ಮೇಲಾಗಿ, ನಿಯಂತ್ರಿಸುವವರೇ ಮಾರಾಟಕ್ಕಿದ್ದರೆ ಕಾಯ್ದೆ ಏನು ಮಾಡೀತು ಎಂಬುದಕ್ಕೆ ಮಧ್ಯಪ್ರದೇಶದ ಉದಾಹರಣೆ ಇದೆ. ಅಲ್ಲಿ ಕಟ್ಟಡವಿಲ್ಲದ, ಆಸ್ಪತ್ರೆಯಿಲ್ಲದ, ಅಧ್ಯಾಪಕರಿಲ್ಲದ ನರ್ಸಿಂಗ್ ಕಾಲೇಜುಗಳಿವೆಯೆಂಬ ದೂರು ಹೈಕೋರ್ಟಿಗೆ ಹೋಗಿ, ಸಿಬಿಐ ತನಿಖೆಗೆ ಆದೇಶವಾಯಿತು. 308 ಕಾಲೇಜುಗಳನ್ನು ಪರಿಶೀಲಿಸಿ 169 ಮಾತ್ರ ಯೋಗ್ಯವೆಂದು ಸಿಬಿಐ ವರದಿ ನೀಡಿತು. ಆದರೆ 2024ರ ಮೇ ತಿಂಗಳಲ್ಲಿ, ಅನುಕೂಲಕರ ವರದಿಗಾಗಿ ಲಂಚ ಪಡೆದ ಆರೋಪದಲ್ಲಿ ಸಿಬಿಐ ತನ್ನದೇ ಅಧಿಕಾರಿಗಳನ್ನು ಬಂಧಿಸಬೇಕಾಯಿತು! ಈ ಮಧ್ಯೆ ಪರೀಕ್ಷೆಯೂ ನಡೆಯದೆ, ಪ್ರಮಾಣಪತ್ರವೂ ಸಿಗದೆ ವರ್ಷಗಳನ್ನು ಕಳಕೊಂಡವರು ಬಡ ಕುಟುಂಬಗಳ ವಿದ್ಯಾರ್ಥಿಗಳು.

ಈ ಕಾರಣಕ್ಕಾಗಿ ಪಟ್ಟಣಗಳಲ್ಲಿರುವ ನಮ್ಮ ಓದುಗರಲ್ಲಿ ನಾವು ಒಂದು ವಿನಂತಿ ಮಾಡುತ್ತೇವೆ. ಪಿಯುಸಿ ಫಲಿತಾಂಶ ಬಂದ ಮರುದಿನವೇ ಮನೆ ಬಾಗಿಲಿಗೆ ಬರುವ ಏಜೆಂಟರ ಬಣ್ಣದ ಕರಪತ್ರ ನೋಡಿ ಮಗಳ ಅಥವಾ ಮಗನ ಭವಿಷ್ಯವನ್ನು ನಿರ್ಧರಿಸಬೇಡಿ. ಮೂರು ಪ್ರಶ್ನೆಗಳನ್ನು ಕೇಳಿ. ಕಾಲೇಜಿಗೆ ತನ್ನದೇ ಆಸ್ಪತ್ರೆ ಇದೆಯೇ, ಅಲ್ಲಿ ಎಷ್ಟು ಹಾಸಿಗೆಗಳಿವೆ, ಅವುಗಳಲ್ಲಿ ರೋಗಿಗಳಿದ್ದಾರೆಯೇ? ವಿಶ್ವವಿದ್ಯಾಲಯದ ಸಂಯೋಜನೆ ಮತ್ತು ನರ್ಸಿಂಗ್ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯೇ? ಕಳೆದ ವರ್ಷ ಕಲಿತು ಹೊರಬಂದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಈ ಮೂರಕ್ಕೆ ನೇರ ಉತ್ತರ ಕೊಡದವರಿಗೆ ಮುಂಗಡ ಹಣ ಕೊಡಬೇಡಿ.

ದಾದಿಯ ವೃತ್ತಿಗೆ ಮಗಳನ್ನು ಕಳುಹಿಸಲು ಹಿಂಜರಿಯುವ ಮನೆಗಳು ನಮ್ಮ ಸಮುದಾಯದಲ್ಲೂ ಇತರ ಸಮುದಾಯಗಳಲ್ಲೂ ಇವೆ. ಅವರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್ ಬಾಯ್ ಎರಗಿದ. ಆಕೆ ಆಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದರು. ಪ್ರಜ್ಞೆ ಕಳಕೊಂಡ ಅರುಣಾ 2015ರ ಮೇ 18ರಂದು ನಿಧನರಾಗುವ ವರೆಗೆ, ನಲ್ವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ, ಅದೇ ಹಾಸಿಗೆಯಲ್ಲಿದ್ದರು. ಅಷ್ಟೂ ವರ್ಷ ಆಕೆಯನ್ನು ನೋಡಿಕೊಂಡವರು ಆ ಆಸ್ಪತ್ರೆಯ ದಾದಿಯರು. ಒಂದು ತಲೆಮಾರು ನಿವೃತ್ತವಾದಾಗ ಮುಂದಿನ ತಲೆಮಾರು ಆ ಹೊಣೆ ಹೊತ್ತಿತು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರ ಎಸಗಿ ಹತ್ಯೆ ಮಾಡಲಾಯಿತು. ಅರ್ಧ ಶತಮಾನ ಕಳೆದರೂ ರಾತ್ರಿ ಪಾಳಿಯ ಹೆಣ್ಣು ಮಗಳಿಗೆ ಬೀಗವುಳ್ಳ ಒಂದು ವಿಶ್ರಾಂತಿ ಕೊಠಡಿಯನ್ನು ನಾವು ಖಾತ್ರಿಪಡಿಸಿಲ್ಲವೆಂದರೆ, ಹೆತ್ತವರ ಭಯವನ್ನು ಮೂಢತನವೆಂದು ಕರೆಯಲು ಯಾವ ಸರಕಾರಕ್ಕೆ ಹಕ್ಕಿದೆ?

ಆದರೆ ಭಯಕ್ಕೆ ಪರಿಹಾರ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದಲ್ಲ. ಪ್ರವಾದಿ(ಸ)ರ ಕಾಲದಲ್ಲಿ ರುಫೈದಾ ಅಸ್ಲಮಿಯಾ(ರ) ಮದೀನಾದ ಮಸೀದಿಯ ಆವರಣದಲ್ಲೇ ಡೇರೆ ಹಾಕಿ ಗಾಯಾಳುಗಳ ಶುಶ್ರೂಷೆ ಮಾಡಿದರೆಂಬುದನ್ನು ನಾವು ಮಿಂಬರ್‌ಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಅದೇ ವೇಳೆ ನಮ್ಮ ಮನೆಯ ಹೆಣ್ಣು ಮಕ್ಕಳಿಗೆ ಹೆರಿಗೆಯಾಗುವಾಗ ಮಹಿಳಾ ಸಿಬ್ಬಂದಿಯೇ ಇರಬೇಕೆಂದು ಬಯಸುತ್ತೇವೆ. ನಮ್ಮ ಮಗಳನ್ನು ಕಳುಹಿಸದೆ ಇನ್ನೊಬ್ಬರ ಮಗಳು ಬಂದು ಸೇವೆ ಮಾಡಬೇಕೆಂದು ನಿರೀಕ್ಷಿಸುವುದು ನ್ಯಾಯವೇ? ಕಳುಹಿಸೋಣ. ಜೊತೆಗೆ ಆಸ್ಪತ್ರೆಯ ಬಳಿ ಸುರಕ್ಷಿತ ವಸತಿ, ರಾತ್ರಿ ಪಾಳಿಗೆ ವಾಹನ, ದೂರು ಕೇಳುವ ಸಮಿತಿ - ಇವುಗಳನ್ನು ಸರಕಾರದಿಂದ ಹಕ್ಕಾಗಿ ಕೇಳೋಣ.

ವಿದೇಶಕ್ಕೆ ಹೋಗುವವರನ್ನು ದೂರುವ ಚಾಳಿಯೊಂದಿದೆ. ಗಲ್ಫ್‌ನ ದುಡಿಮೆಯಿಂದ ಮನೆ ಕಟ್ಟಿದ ಕರಾವಳಿಯ ಜನರು ಆ ಮಾತನ್ನು ಆಡಲಾರರು. 2014ರ ಜುಲೈಯಲ್ಲಿ ಇರಾಕಿನ ತಿಕ್ರೀತ್‌ನಲ್ಲಿ ಸಿಲುಕಿದ್ದ 46 ದಾದಿಯರು ಕೊಚ್ಚಿಗೆ ಮರಳಿದಾಗ ದೇಶ ನಿಟ್ಟುಸಿರು ಬಿಟ್ಟಿತು. ಯುದ್ಧಭೂಮಿಗೆ ಅವರನ್ನು ಅಟ್ಟಿದ್ದು ಸಾಹಸದ ಹುಚ್ಚಲ್ಲ. ಅವರಲ್ಲಿ ಹಲವರ ತಲೆಯ ಮೇಲೆ ಶಿಕ್ಷಣ ಸಾಲವಿತ್ತು. 2015ರಲ್ಲಿ, ವಲಸೆ ತಪಾಸಣೆ ಕಡ್ಡಾಯವಿರುವ ದೇಶಗಳಿಗೆ ದಾದಿಯರ ನೇಮಕಾತಿಯನ್ನು ಸರಕಾರಿ ಸಂಸ್ಥೆಗಳ ಮೂಲಕವೇ ನಡೆಸಬೇಕೆಂದು ಕೇಂದ್ರ ನಿಯಮ ಮಾಡಿದ್ದು ಸರಿಯಾದ ಹೆಜ್ಜೆ. ಯಾಕೆಂದರೆ ಏಜೆಂಟರು ಲಕ್ಷಗಟ್ಟಲೆ ಸುಲಿಯುತ್ತಿದ್ದರು. ಆದರೆ ರಫ್ತನ್ನೇ ನೀತಿಯಾಗಿ ಮಾಡಿಕೊಂಡರೆ ಏನಾಗುತ್ತದೆಂಬುದನ್ನು ಫಿಲಿಪ್ಪೀನ್ಸ್ ತೋರಿಸಿಕೊಟ್ಟಿದೆ. ಜಗತ್ತಿಗೆಲ್ಲ ದಾದಿಯರನ್ನು ಕಳುಹಿಸಿದ ಆ ದೇಶವು 2020ರಲ್ಲಿ ತನ್ನದೇ ಆಸ್ಪತ್ರೆಗಳಿಗೆ ಸಾಲದೆ, ದಾದಿಯರು ಹೊರ ಹೋಗುವುದನ್ನು ತಾತ್ಕಾಲಿಕವಾಗಿ ತಡೆಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನಲ್ಲಿ 2023ರಲ್ಲಿ 2.98 ಕೋಟಿ ದಾದಿಯರಿದ್ದರು, ಕೊರತೆ 58 ಲಕ್ಷ. ಪ್ರತಿ ಏಳು ಮಂದಿ ದಾದಿಯರಲ್ಲಿ ಒಬ್ಬರು ತಾವು ಹುಟ್ಟಿದ ದೇಶದ ಹೊರಗಿದ್ದಾರೆ. ಶ್ರೀಮಂತ ದೇಶಗಳ ಬಾಗಿಲು ಇನ್ನೂ ಹಲವು ವರ್ಷ ತೆರೆದೇ ಇರುತ್ತದೆ. ಬೇಲಿ ಹಾಕಿ ಯಾರನ್ನೂ ಉಳಿಸಿಕೊಳ್ಳಲಾಗದು. ಇಲ್ಲಿ ಮರ್ಯಾದೆಯಿಂದ ಬದುಕಲು ಸಾಧ್ಯವಾದರೆ ಬಹಳಷ್ಟು ಮಂದಿ ತಾವಾಗಿಯೇ ಉಳಿಯುತ್ತಾರೆ.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ, 2025ರ ಹೊತ್ತಿಗೆ ಆರೋಗ್ಯಕ್ಕೆ ಸರಕಾರಗಳ ವೆಚ್ಚ ಜಿಡಿಪಿಯ ಶೇ. 2.5 ಆಗಬೇಕೆಂದು ಸರಕಾರವೇ ಬರೆದುಕೊಂಡಿತ್ತು. ಕೋವಿಡ್‌ನ ಖರ್ಚನ್ನೂ ಸೇರಿಸಿ 2021-22ರಲ್ಲಿ ಅದು ಮುಟ್ಟಿದ್ದು ಶೇ. 1.84. ಕಟ್ಟಡ ಉದ್ಘಾಟಿಸಿದರೆ ಕಲ್ಲಿನ ಮೇಲೆ ಸಚಿವರ ಹೆಸರು ಕೆತ್ತಲಾಗುತ್ತದೆ. ನೂರು ದಾದಿಯರನ್ನು ಖಾಯಂಗೊಳಿಸಿದರೆ ಅಂತಹ ಕಲ್ಲಿಲ್ಲ. ಬಹುಶಃ ಕಾಲೇಜುಗಳು ಹೆಚ್ಚಿ ಹುದ್ದೆಗಳು ಹೆಚ್ಚದಿರುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಇನ್ನು ಮುಂದೆ ಯಾವುದೇ ಸಚಿವರು ನಮ್ಮ ಊರಿಗೆ ಬಂದು ಹೊಸ ನರ್ಸಿಂಗ್ ಕಾಲೇಜು ಘೋಷಿಸಿದಾಗ ಚಪ್ಪಾಳೆಗೆ ಮೊದಲು ನಾವು ಕೆಲವನ್ನು ಕೇಳಬೇಕಾಗಿದೆ. ನಮ್ಮ ತಾಲೂಕು ಆಸ್ಪತ್ರೆಗೆ ಮಂಜೂರಾದ ದಾದಿಯರ ಹುದ್ದೆ ಎಷ್ಟು, ಅದರಲ್ಲಿ ಖಾಯಂ ಎಷ್ಟು, ಖಾಲಿ ಎಷ್ಟು? ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಒಬ್ಬರು? ಖಾಸಗಿ ಆಸ್ಪತ್ರೆಯ ದಾದಿಗೆ ಕನಿಷ್ಠ ವೇತನ ಕೊಡಿಸುವವರು ಯಾರು? ಇದಕ್ಕೆ ಉತ್ತರ ಪಡೆಯಲು ಮಾಹಿತಿ ಹಕ್ಕಿನ ಅರ್ಜಿಗೆ ತಗಲುವುದು ಹತ್ತು ರೂಪಾಯಿ. ಪ್ರತಿ ಊರಿನ ಜಮಾಅತ್, ಯುವಕ ಮಂಡಲ, ಮಹಿಳಾ ಸಂಘ ಈ ಒಂದು ಕೆಲಸವನ್ನು ವಹಿಸಿಕೊಳ್ಳಲಿ. ಬಂದ ಉತ್ತರವನ್ನು ಹಿಡಿದುಕೊಂಡು ಶಾಸಕರ ಬಳಿಗೆ ಹೋಗಲಿ. ಹಾಸಿಗೆ ಹಿಡಿದ ದಿನ ನಮ್ಮ ಜೀವ ಇರುವುದು ಆ ರಾತ್ರಿಯ ದಾದಿಯ ಕೈಯಲ್ಲಿ. ಆಕೆಗೆ ಆ ರಾತ್ರಿ ಎಷ್ಟು ರೋಗಿಗಳು ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಬೇಡವೇ?